ದೃಶ್ಯ ಪರಿಣಾಮದ ಹಿಂದಿನ ಅದೃಶ್ಯ ದುಡಿಮೆ

2011ರ ಮಾತು. ಬೆಂಗಳೂರಿನ ವಿಎಫ್‌ಎಕ್ಸ್ ಸ್ಟುಡಿಯೊ ಒಂದರಲ್ಲಿ ನಾನು ಮೇಲ್ವಿಚಾರಕನಾಗಿದ್ದೆ. ಹಾಲಿವುಡ್ ಚಿತ್ರವೊಂದರ ಕೆಲವು ಶಾಟ್‌ಗಳು ನಮ್ಮ ಪಾಲಿಗೆ ಬಂದಿದ್ದವು. ಅವುಗಳಲ್ಲಿ ಒಂದರ ಉದ್ದ ಕೇವಲ 4 ಸೆಕೆಂಡು. ಗಾಳಿಗೆ ಕೂದಲು ಹಾರಿಸುತ್ತ ನಿಂತ ನಾಯಕಿಯನ್ನು ಆಕೆಯ ಹಿನ್ನೆಲೆಯಿಂದ ಬಿಡಿಸಿಕೊಡಬೇಕಿತ್ತು. ಸೆಕೆಂಡಿಗೆ 24 ಫ್ರೇಮುಗಳ ಲೆಕ್ಕದಲ್ಲಿ 96 ಫ್ರೇಮು; ಪ್ರತಿಯೊಂದರಲ್ಲೂ ಮುಖ, ಬೆರಳು, ಬಟ್ಟೆಯ ಅಂಚು, ಹಾರುವ ಕೂದಲಿನ ಎಳೆಗಳ ಸುತ್ತ ಗೆರೆ ಎಳೆಯಬೇಕು. ಆ ಕೆಲಸ ಮಾಡುತ್ತಿದ್ದವಳು ಹಾಸನ ಜಿಲ್ಲೆಯ ಒಬ್ಬ ಹುಡುಗಿ. ಶುಕ್ರವಾರ ಸಂಜೆ ನನ್ನ ಮೇಜಿನ ಬಳಿ ಬಂದು, ‘ಸರ್, ನಾಳೆ ನಮ್ಮಕ್ಕನ ನಿಶ್ಚಿತಾರ್ಥ. ರಾತ್ರಿ ಬಸ್ಸಿಗೆ ಹೋಗ್ಬೇಕು’ ಎಂದಳು. ಅಂದು ಬೆಳಿಗ್ಗೆಯಷ್ಟೇ ಅಮೆರಿಕದಿಂದ ಆ ಶಾಟ್ ಮತ್ತೆ ಹಿಂದಿರುಗಿತ್ತು. ‘ಇದೊಂದು ಶಾಟ್ ಮುಗಿಸಿಕೊಟ್ಟು ಹೋಗಮ್ಮ’ ಎಂದೆ.

ಆಕೆ ಮುಗಿಸಿಕೊಟ್ಟಳು. ಮುಗಿಯುವಾಗ ಶನಿವಾರ ಮಧ್ಯಾಹ್ನವಾಗಿತ್ತು. ಊರಿನಲ್ಲಿ ನಿಶ್ಚಿತಾರ್ಥವೂ ಮುಗಿದಿತ್ತು. ಮರುವರ್ಷ ಆ ಚಿತ್ರ ತೆರೆಕಂಡಾಗ ನಾವೆಲ್ಲ ಒಟ್ಟಾಗಿ ನೋಡಲು ಹೋದೆವು. ಆ ಶಾಟ್ ಚಿತ್ರದಲ್ಲಿ ಇರಲೇ ಇಲ್ಲ. ಸಂಕಲನದಲ್ಲಿ ಇಡೀ ದೃಶ್ಯವನ್ನೇ ಕೈಬಿಟ್ಟಿದ್ದರು. ಅದು ನಿರ್ದೇಶಕರ ಹಕ್ಕು. ಯಾರೂ ತಕರಾರು ಮಾಡುವಂತಿಲ್ಲ. ಆದರೆ ಆ ರಾತ್ರಿಗಾಗಿ ಆಕೆಗೆ ಹೆಚ್ಚುವರಿಯಾಗಿ ಸಿಕ್ಕಿದ್ದು ಒಂದು ಪೊಟ್ಟಣ ಬಿರಿಯಾನಿ ಮತ್ತು ಮನೆಗೆ ಹೋಗಲು ಕ್ಯಾಬು ಮಾತ್ರ ಎಂಬ ಸಂಗತಿ ನನ್ನನ್ನು ಇಂದಿಗೂ ಚುಚ್ಚುತ್ತದೆ. ಆಕೆಯನ್ನು ತಡೆದು ನಿಲ್ಲಿಸಿದವನು ಅಮೆರಿಕದ ಯಾವ ನಿರ್ಮಾಪಕನೂ ಅಲ್ಲ, ನಾನು.

ಈ ತಪ್ಪೊಪ್ಪಿಗೆಯನ್ನು ಮೊದಲಿಗೇ ದಾಖಲಿಸುವುದಕ್ಕೆ ಕಾರಣವಿದೆ. ಚಲನಚಿತ್ರಗಳ ದೃಶ್ಯ ಪರಿಣಾಮ ಕಲಾವಿದರ ಶೋಷಣೆಯ ಬಗ್ಗೆ ಮಾತನಾಡುವಾಗ ದುರಾಸೆಯ ನಿರ್ಮಾಪಕನನ್ನೋ ಕಲ್ಲುಮನಸ್ಸಿನ ಮಾಲೀಕನನ್ನೋ ಎದುರಿಗೆ ನಿಲ್ಲಿಸಿ ಬೈಯುವುದು ಸುಲಭ. ನನ್ನ ಅನುಭವ ಬೇರೆ. ಈ ಉದ್ಯಮದಲ್ಲಿ ಕೆಟ್ಟವರು ಬೇರೆಡೆಗಿಂತ ಹೆಚ್ಚೇನೂ ಇಲ್ಲ. ಇಲ್ಲಿರುವುದು ಕೆಟ್ಟ ಲೆಕ್ಕಾಚಾರ. ಮನಸ್ಸು ಬದಲಾಯಿಸುವವನು ಒಬ್ಬ, ಅದರ ಬೆಲೆ ತೆರುವವನು ಇನ್ನೊಬ್ಬ ಎಂಬಂತೆ ಈ ವ್ಯವಹಾರವನ್ನು ಕಟ್ಟಲಾಗಿದೆ. ಈ ಲೆಕ್ಕ ಸರಿಹೋಗದ ಹೊರತು ಬೇರಾವ ಸುಧಾರಣೆಯೂ ಕೈಗೂಡದು ಎಂಬುದು ನನ್ನ ನಂಬಿಕೆ.

ನಮ್ಮ ಪ್ರೇಕ್ಷಕರು ಈ ಕೆಲಸವನ್ನು ಒಟ್ಟಾರೆಯಾಗಿ ‘ಗ್ರಾಫಿಕ್ಸ್’ ಎಂದು ಕರೆಯುತ್ತಾರೆ. ‘ಕಥೆ ಪರವಾಗಿಲ್ಲ, ಗ್ರಾಫಿಕ್ಸ್ ಚೆನ್ನಾಗಿಲ್ಲ’ ಎಂಬ ಒಂದೇ ಮಾತಿನ ವಿಮರ್ಶೆ ಚಿತ್ರಮಂದಿರದ ಹೊರಗೆ ಸಾಮಾನ್ಯ. ಆ ಒಂದು ಪದದೊಳಗೆ ಹತ್ತಾರು ಕಸುಬುಗಳಿವೆ. ಚಿತ್ರಿಕೆಯೊಳಗಿನ ವ್ಯಕ್ತಿ ಅಥವಾ ವಸ್ತುವಿನ ಅಂಚನ್ನು ಫ್ರೇಮಿನಿಂದ ಫ್ರೇಮಿಗೆ ಬಿಡಿಸುವುದು ರೋಟೊ. ಸಾಹಸ ಕಲಾವಿದನನ್ನು ಎತ್ತಿಹಿಡಿದ ಹಗ್ಗವನ್ನು, ಪೌರಾಣಿಕ ದೃಶ್ಯದಲ್ಲಿ ಇಣುಕಿದ ವಿದ್ಯುತ್ ಕಂಬವನ್ನು ಅಳಿಸುವುದು ಪೇಂಟ್. ಕ್ಯಾಮೆರಾ ಹೇಗೆ ಚಲಿಸಿತು ಎಂಬುದನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸುವುದು ಮ್ಯಾಚ್‌ಮೂವ್. ಪ್ರಾಣಿಗಳಿಗೆ ಮೂಳೆ, ಮಾಂಸ, ರೋಮ ಕೊಡುವವರು ಬೇರೆ. ಅವುಗಳ ಮೇಲೆ ಬೆಳಕು ಬೀಳಿಸುವವರು ಬೇರೆ. ಕೊನೆಗೆ ಎಲ್ಲವನ್ನೂ ಒಂದೇ ಚಿತ್ರಿಕೆಯೆಂದು ಕಣ್ಣು ನಂಬುವಂತೆ ಬೆಸೆಯುವವರು ಕಾಂಪೊಸಿಟರ್‌ಗಳು. ಈ ಕೆಲಸ ಯಶಸ್ವಿಯಾದಾಗ ಕಣ್ಣಿಗೆ ಬೀಳುವುದಿಲ್ಲ, ಸೋತಾಗ ಮಾತ್ರ ಕಾಣುತ್ತದೆ. ಹೀಗಾಗಿ ಇವರ ಪಾಲಿಗೆ ಬರುವ ಸಾರ್ವಜನಿಕ ಮಾತು ಬಹುತೇಕ ಬೈಗುಳವೇ ಆಗಿರುತ್ತದೆ.

ಇದು ಎಲ್ಲಿಯೋ ದೂರದ ಹಾಲಿವುಡ್‌ಗೆ ಮಾತ್ರ ಸೇರಿದ ಸಂಗತಿಯೆಂದು ಭಾವಿಸಬೇಕಿಲ್ಲ. ಡಾ. ವಿಷ್ಣುವರ್ಧನ್ ತೀರಿಕೊಂಡಿದ್ದು 2009ರ ಡಿಸೆಂಬರ್ 30ರಂದು. 2016ರಲ್ಲಿ ಬಿಡುಗಡೆಯಾದ ‘ನಾಗರಹಾವು’ ಚಿತ್ರದಲ್ಲಿ ಅವರು ಮತ್ತೆ ತೆರೆಯ ಮೇಲೆ ಬಂದರು. ಇನ್ನೊಬ್ಬರ ಶರೀರದ ಮೇಲೆ ಅವರ ಮುಖವನ್ನು ಕಂಪ್ಯೂಟರಿನಲ್ಲಿ ರೂಪಿಸಿ ಕೂಡಿಸಿದ ಕಲಾವಿದರ ಕೈಚಳಕ ಅದು. 2018ರ ಚಿತ್ರಗಳಿಗೆ ಸಂದ 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಸ್ಪೆಷಲ್ ಎಫೆಕ್ಟ್ಸ್ ಪ್ರಶಸ್ತಿಯನ್ನು ‘ಕೆಜಿಎಫ್’ ಚಿತ್ರ ತೆಲುಗಿನ ‘ಅ!’ ಚಿತ್ರದೊಂದಿಗೆ ಹಂಚಿಕೊಂಡಿತು. ಆ ಚಿತ್ರದ ನಾಯಕ, ನಿರ್ದೇಶಕರ ಹೆಸರು ನಾಡಿನ ಮಕ್ಕಳಿಗೂ ಗೊತ್ತು. ಪ್ರಶಸ್ತಿ ತಂದ ದೃಶ್ಯಗಳಿಗೆ ರಾತ್ರಿ ಹಗಲು ದುಡಿದವರಲ್ಲಿ ಒಬ್ಬರ ಹೆಸರನ್ನಾದರೂ ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲೆವು?

ಇನ್ನು ನಾನು ಹೇಳಿದ ಲೆಕ್ಕಾಚಾರಕ್ಕೆ ಬರುತ್ತೇನೆ. ಚಿತ್ರ ನಿರ್ಮಾಣ ಸಂಸ್ಥೆ ತನ್ನ ಶಾಟ್‌ಗಳ ಪಟ್ಟಿಯನ್ನು ಹಲವು ಸ್ಟುಡಿಯೊಗಳಿಗೆ ಕಳುಹಿಸುತ್ತದೆ. ಪ್ರತಿ ಶಾಟ್‌ಗೆ ಎಷ್ಟು ಮಂದಿ, ಎಷ್ಟು ದಿನ ದುಡಿಯಬೇಕಾದೀತು ಎಂದು ಅಂದಾಜು ಮಾಡಿ ಸ್ಟುಡಿಯೊಗಳು ಬಿಡ್ ಸಲ್ಲಿಸುತ್ತವೆ. ಈ ಲೆಕ್ಕದ ಘಟಕಕ್ಕೆ ನಮ್ಮಲ್ಲಿ ‘ಮ್ಯಾನ್‌ಡೇ’ ಎನ್ನುತ್ತಾರೆ. ಕಡಿಮೆ ಬೆಲೆ ಹೇಳಿದವರಿಗೆ ಕೆಲಸ ಸಿಗುತ್ತದೆ. ಬೆಲೆ ಒಮ್ಮೆ ನಿಗದಿಯಾದರೆ ಸಾಮಾನ್ಯವಾಗಿ ಅದು ಹೆಚ್ಚುವುದಿಲ್ಲ. ನಾನು ಸ್ವತಃ ನಾಲ್ಕು ದಿನ ಬೇಕೆಂದು ಗೊತ್ತಿದ್ದ ಶಾಟ್‌ಗಳಿಗೆ ಎರಡೂವರೆ ದಿನ ಎಂದು ಬರೆದಿದ್ದೇನೆ. ನಾಲ್ಕು ಎಂದು ಬರೆದಿದ್ದರೆ ಆ ಕೆಲಸ ಮತ್ತೊಂದು ಸ್ಟುಡಿಯೊದ ಪಾಲಾಗುತ್ತಿತ್ತು. ಉಳಿದ ಒಂದೂವರೆ ದಿನ ಎಲ್ಲಿಂದ ಬರಬೇಕು? ಕಲಾವಿದರ ರಾತ್ರಿಗಳಿಂದ, ಶನಿವಾರ ಭಾನುವಾರಗಳಿಂದ.

ಬೆಲೆ ಬದಲಾಗದಿದ್ದರೂ ಕೆಲಸ ಬದಲಾಗುತ್ತಲೇ ಇರುತ್ತದೆ ಎಂಬುದು ಎರಡನೆಯ ಮಾತು. ಕಟ್ಟಡವೊಂದನ್ನು ಅರ್ಧ ಕಟ್ಟಿದ ಮೇಲೆ ‘ಅಡುಗೆಮನೆ ಪೂರ್ವಕ್ಕೆ ಬೇಡ, ಪಶ್ಚಿಮಕ್ಕೆ ಇರಲಿ’ ಎಂದು ಮನೆಯ ಯಜಮಾನರು ಹೇಳಿದರೆ ಮೇಸ್ತ್ರಿ ಮೊದಲು ಹಣದ ಮಾತು ಆಡುತ್ತಾನೆ. ಸಿಮೆಂಟು, ಇಟ್ಟಿಗೆ, ಕೂಲಿ ಕಣ್ಣಿಗೆ ಕಾಣುವುದರಿಂದ ಯಾರೂ ಅದನ್ನು ಅನ್ಯಾಯ ಎನ್ನುವುದಿಲ್ಲ. ನಮ್ಮ ಕಸುಬಿನಲ್ಲಿ ಒಡೆದು ಕಟ್ಟಿದ್ದು ಕಾಣುವುದಿಲ್ಲ. ‘ಮೋಡ ಸ್ವಲ್ಪ ಗಾಢವಾಗಲಿ’ ಎಂದರೆ ಹತ್ತನೆಯ ವರ್ಷನ್, ‘ಮೂರನೆಯ ವರ್ಷನ್‌ನಲ್ಲಿ ಇದ್ದ ಮೋಡವೇ ಚೆನ್ನಿತ್ತು’ ಎಂದರೆ ಹನ್ನೊಂದನೆಯದು. ದೊಡ್ಡ ಬದಲಾವಣೆಗಳಿಗೆ ಹೆಚ್ಚುವರಿ ಹಣ ಕೇಳಲು ಒಪ್ಪಂದದಲ್ಲಿ ಅವಕಾಶವಿರುವುದುಂಟು. ಆದರೆ ಯಾವುದು ದೊಡ್ಡದು, ಯಾವುದು ಸಣ್ಣದು ಎಂಬ ತೀರ್ಮಾನ ಬಹುತೇಕ ಹಣ ಕೊಡುವವರದೇ. ಮುಂದಿನ ಚಿತ್ರದ ಕೆಲಸ ಕೈತಪ್ಪೀತೆಂಬ ಭಯದಿಂದ ಸ್ಟುಡಿಯೊ ಸುಮ್ಮನಾಗುತ್ತದೆ. ಸಂಬಳ ತಿಂಗಳ ಲೆಕ್ಕದ್ದಾದ್ದರಿಂದ ಕಲಾವಿದರೂ ಸುಮ್ಮನಾಗುತ್ತಾರೆ.

ಇದರ ಜೊತೆಗೆ ಭೂಗೋಳವೂ ಸೇರಿಕೊಂಡಿತು. ಲಾಸ್ ಏಂಜಲೀಸ್‌ನ ಸಂಜೆ ಎಂದರೆ ಬೆಂಗಳೂರಿನ ಮರುದಿನದ ಬೆಳಗು. ಅಲ್ಲಿನವರು ದಿನದ ಕೊನೆಯಲ್ಲಿ ಹೇಳಿದ ತಿದ್ದುಪಡಿಗಳನ್ನು ಇಲ್ಲಿನವರು ಹಗಲಿಡೀ ಮಾಡಿ, ಅಲ್ಲಿ ಬೆಳಕು ಹರಿಯುವ ಹೊತ್ತಿಗೆ ಕಳುಹಿಸುತ್ತಾರೆ. ಚಿತ್ರಕ್ಕೆ ಇಡೀ 24 ಗಂಟೆ ದುಡಿಮೆ ದೊರೆಯಿತೆಂದು ಇದನ್ನು ಜಾಗತೀಕರಣದ ಚಮತ್ಕಾರವೆಂದು ಬಣ್ಣಿಸಿದವರುಂಟು. ನಮ್ಮ ಹಗಲಿನಲ್ಲಿ ಮುಗಿಯದೆ ಉಳಿದದ್ದೆಲ್ಲ ನಮ್ಮ ರಾತ್ರಿಗೆ ಬೀಳುತ್ತಿತ್ತು ಎಂಬ ಅಂಶ ಆ ಬಣ್ಣನೆಯಲ್ಲಿ ಇರಲಿಲ್ಲ. ಕನ್ನಡ ಚಿತ್ರಗಳ ಕೆಲಸದಲ್ಲಿ ಈ ಕಾಲವ್ಯತ್ಯಾಸದ ನೆಪವೂ ಇಲ್ಲ. ಅಲ್ಲಿ ಬಿಡುಗಡೆಯ ದಿನಾಂಕ ಮೊದಲೇ ಘೋಷಣೆಯಾಗಿರುತ್ತದೆ. ಚಿತ್ರೀಕರಣ ಎಷ್ಟು ತಡವಾದರೂ ದಸರೆಯೋ ಸಂಕ್ರಾಂತಿಯೋ ಮುಂದಕ್ಕೆ ಹೋಗುವುದಿಲ್ಲ. ಸಾಲಿನಲ್ಲಿ ಕೊನೆಗೆ ನಿಂತ ದೃಶ್ಯ ಪರಿಣಾಮದವರು ಎಲ್ಲರ ವಿಳಂಬವನ್ನೂ ತಾವೊಬ್ಬರೇ ನುಂಗಬೇಕಾಗುತ್ತದೆ.

ಈ ಲೆಕ್ಕಾಚಾರ ಕಲಾವಿದರನ್ನು ಮಾತ್ರವಲ್ಲ, ಸ್ಟುಡಿಯೊಗಳನ್ನೂ ಮುಗಿಸಬಲ್ಲದು ಎಂಬುದನ್ನು ಜಗತ್ತು ಮೊದಲು ಸ್ಪಷ್ಟವಾಗಿ ಕಂಡದ್ದು 2013ರಲ್ಲಿ. 1987ರಲ್ಲಿ ಆರಂಭವಾದ ‘ರಿದಮ್ ಅಂಡ್ ಹ್ಯೂಸ್’ ಲಾಸ್ ಏಂಜಲೀಸ್‌ನ ಪ್ರತಿಷ್ಠಿತ ಸಂಸ್ಥೆ. ಮುಂಬೈ, ಹೈದರಾಬಾದ್‌ಗಳಲ್ಲಿಯೂ ಅದರ ಸ್ಟುಡಿಯೊಗಳಿದ್ದವು. ಪುದುಚೇರಿಯ ಹುಡುಗನೊಬ್ಬ ಹುಲಿಯೊಂದಿಗೆ ಸಮುದ್ರದ ನಡುವೆ ಉಳಿದುಕೊಳ್ಳುವ ಕಥೆಯ ‘ಲೈಫ್ ಆಫ್ ಪೈ’ ಚಿತ್ರದಲ್ಲಿ ನಾವು ಕಂಡ ಹುಲಿ ಬಹುಪಾಲು ಈ ಸಂಸ್ಥೆಯ ಕಲಾವಿದರ ಸೃಷ್ಟಿ. ಚಿತ್ರ ಜಗತ್ತಿನಾದ್ಯಂತ 60 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಆದರೆ ಹುಲಿಯನ್ನು ಮಾಡಿದ ಸಂಸ್ಥೆ 2013ರ ಫೆಬ್ರುವರಿ 11ರಂದು ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಬಾಗಿಲು ತಟ್ಟಿತು. ಹದಿಮೂರು ದಿನಗಳ ನಂತರ ಅದೇ ಕೆಲಸಕ್ಕೆ ಆಸ್ಕರ್ ಪ್ರಶಸ್ತಿ ಬಂತು. ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಲ್ಲಿ ಅಂದು ಸೋಮವಾರದ ಬೆಳಿಗ್ಗೆ. ನಾವು ಕೆಲಸ ನಿಲ್ಲಿಸಿ ಆ ಸಮಾರಂಭ ನೋಡುತ್ತಿದ್ದೆವು. ಪ್ರಶಸ್ತಿ ಸ್ವೀಕರಿಸಿದ ಬಿಲ್ ವೆಸ್ಟೆನ್‌ಹೋಫರ್ ತಮ್ಮ ಸಂಸ್ಥೆಯ ಸಂಕಷ್ಟದ ಮಾತೆತ್ತುವ ಹೊತ್ತಿಗೆ, ಮಾತು ಮುಗಿಸಿ ಎಂಬ ಸೂಚನೆಯಾಗಿ ‘ಜಾಸ್’ ಚಿತ್ರದ ಶಾರ್ಕ್ ಸಂಗೀತ ಜೋರಾಯಿತು; ಮೈಕ್ ನಿಂತುಹೋಯಿತು. ಸಭಾಂಗಣದ ಹೊರಗೆ ನೂರಾರು ಕಲಾವಿದರು ಪ್ರತಿಭಟನೆ ನಡೆಸಿದ್ದರು. ನಂತರದ ದಿನಗಳಲ್ಲಿ ಜಗತ್ತಿನ ಸಾವಿರಾರು ಕಲಾವಿದರು ಸಾಮಾಜಿಕ ಜಾಲತಾಣಗಳಲ್ಲಿ ತಮ್ಮ ಭಾವಚಿತ್ರ ತೆಗೆದು ಬರೀ ಹಸಿರು ಚೌಕ ಹಾಕಿಕೊಂಡರು. ನಮ್ಮ ಕೆಲಸವಿಲ್ಲದಿದ್ದರೆ ನಿಮಗೆ ಕಾಣುವುದು ಈ ಹಸಿರು ಪರದೆ ಮಾತ್ರ ಎಂಬುದು ಅದರ ಅರ್ಥ. ಅಂದು ನಮ್ಮ ಸ್ಟುಡಿಯೊದಲ್ಲಿಯೂ ಕೆಲವರು ಹಸಿರು ಚೌಕ ಹಾಕಿದರು. ಮಧ್ಯಾಹ್ನದ ಊಟದ ನಂತರ ಎಲ್ಲರೂ ಮತ್ತೆ ಕೆಲಸಕ್ಕೆ ಕುಳಿತೆವು. ಆ ವಾರದ ಡೆಡ್‌ಲೈನ್ ಹತ್ತಿರವಿತ್ತು.

ಅಂದು ನಮ್ಮಲ್ಲಿ ಕೆಲವರಿಗೆ ಒಳಗೊಳಗೇ ಒಂದು ಸಮಾಧಾನವೂ ಇತ್ತೆಂಬುದನ್ನು ಮುಚ್ಚಿಡಲಾರೆ. ಅಲ್ಲಿ ದುಬಾರಿಯಾದದ್ದು ಇಲ್ಲಿಗೆ ಬರುತ್ತದೆ ಎಂದು ನಾವು ಭಾವಿಸಿದ್ದೆವು. ಬಂದದ್ದೂ ನಿಜ. ಕೆನಡಾ, ಬ್ರಿಟನ್ ಮುಂತಾದ ದೇಶಗಳು ತೆರಿಗೆ ರಿಯಾಯಿತಿ ಕೊಟ್ಟು ಈ ಕೆಲಸವನ್ನು ಸೆಳೆದವು. ಹೆಚ್ಚು ಕೈಗಳು ಬೇಕಾದ ರೋಟೊ, ಪೇಂಟ್, ಮ್ಯಾಚ್‌ಮೂವ್ ಕೆಲಸಗಳು ಬೆಂಗಳೂರು, ಹೈದರಾಬಾದ್, ಚೆನ್ನೈ, ಮುಂಬೈಗಳಿಗೆ ಬಂದವು. ಮುಂದೆ ಇಡೀ ಪ್ರಾಣಿಗಳನ್ನು, ಕಾಡುಗಳನ್ನು ಸೃಷ್ಟಿಸುವ ಕೆಲಸವನ್ನೂ ನಮ್ಮವರು ಮಾಡಿದರು. 2017ರಲ್ಲಿ ಆಸ್ಕರ್ ಪಡೆದ ‘ದಿ ಜಂಗಲ್ ಬುಕ್’ ಚಿತ್ರದ ಪ್ರಾಣಿಗಳನ್ನು ಮಾಡಿದ ‘ಎಂಪಿಸಿ’ ಸಂಸ್ಥೆಯ ದೊಡ್ಡ ಪಡೆಯೊಂದು ಬೆಂಗಳೂರಿನಲ್ಲಿಯೇ ಇತ್ತು. ಮಾಗ್ಲಿಯ ಕಾಡಿನ ಒಂದಷ್ಟು ಭಾಗ ನಮ್ಮ ಊರಿನಲ್ಲಿ ಬೆಳೆಯಿತು ಎಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೆಮ್ಮೆಯಿಂದಲೇ ಹೇಳುತ್ತಿದ್ದೆ.

2025ರ ಫೆಬ್ರುವರಿಯಲ್ಲಿ ಆ ಹೆಮ್ಮೆಗೆ ಪೆಟ್ಟು ಬಿತ್ತು. ‘ಎಂಪಿಸಿ’, ‘ದಿ ಮಿಲ್’ ಮುಂತಾದ ಹೆಸರಾಂತ ಸ್ಟುಡಿಯೊಗಳ ಒಡೆತನ ಹೊಂದಿದ್ದ, ಪ್ಯಾರಿಸ್‌ನಲ್ಲಿ ಕೇಂದ್ರ ಕಚೇರಿಯಿದ್ದ ‘ಟೆಕ್ನಿಕಲರ್’ ಸಮೂಹ ಕುಸಿಯಿತು. ಅದಕ್ಕೆ ಎರಡೇ ತಿಂಗಳ ಮೊದಲು, 2024ರ ಡಿಸೆಂಬರಿನಲ್ಲಿ, ಅದರ ಕಲಾವಿದರು ದುಡಿದ ‘ಮುಫಾಸಾ: ದಿ ಲಯನ್ ಕಿಂಗ್’ ಜಗತ್ತಿನ ತೆರೆಗಳ ಮೇಲೆ ಬಂದಿತ್ತು. ಸಾಲದ ಹೊರೆ, ಕೋವಿಡ್ ನಂತರದ ಹಿನ್ನಡೆ, 2023ರ ಹಾಲಿವುಡ್ ಲೇಖಕರ ಮುಷ್ಕರದಿಂದ ಕಡಿಮೆಯಾದ ಕೆಲಸ, ಸಿಗದ ಹೊಸ ಹೂಡಿಕೆ ಹೀಗೆ ಕಾರಣಗಳು ಹಲವು. ಭಾರತದಲ್ಲಿ ಸುಮಾರು ಮೂರು ಸಾವಿರ ಮಂದಿ ಕೆಲಸ ಕಳೆದುಕೊಂಡರೆಂದೂ ಅವರಲ್ಲಿ ಬಹುಪಾಲು ಬೆಂಗಳೂರಿನವರೆಂದೂ ಆ ತಿಂಗಳ ಸಂಬಳವೂ ಅವರ ಕೈಸೇರಲಿಲ್ಲವೆಂದೂ ಪತ್ರಿಕೆಗಳು ಬರೆದವು. ರಿದಮ್ ಅಂಡ್ ಹ್ಯೂಸ್ ಮುಳುಗಿದಾಗ ನಾವು ದಡದಲ್ಲಿ ನಿಂತವರೆಂದು ಭಾವಿಸಿದ್ದೆವು. ಹನ್ನೆರಡು ವರ್ಷಗಳ ನಂತರ ನೀರು ನಮ್ಮ ಹೊಸಿಲಿಗೇ ಬಂದಿತ್ತು.

ಈ ಹನ್ನೆರಡು ವರ್ಷಗಳಲ್ಲಿ ನಮ್ಮ ಸರ್ಕಾರಗಳು ಸುಮ್ಮನೆ ಕುಳಿತಿರಲಿಲ್ಲ ಎಂಬುದನ್ನು ಒಪ್ಪಬೇಕು. ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ ಉದ್ಯಮಕ್ಕೆಂದೇ ಪ್ರತ್ಯೇಕ ನೀತಿ ರೂಪಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ. 2012ರಲ್ಲಿ ಮೊದಲ ನೀತಿ, 2017ರಲ್ಲಿ ಎರಡನೆಯದು, 2024ರಲ್ಲಿ ಮೂರನೆಯದು ಬಂದವು. ಬೆಂಗಳೂರಿನಲ್ಲಿ ಉತ್ಕೃಷ್ಟತಾ ಕೇಂದ್ರವೂ ಸ್ಥಾಪನೆಯಾಯಿತು. 2024ರ ನೀತಿ 30,000 ಹೊಸ ಉದ್ಯೋಗಗಳ ಗುರಿ ಇಟ್ಟುಕೊಂಡಿದೆ. ಈ ಗುರಿಯನ್ನು ನಾನು ಸ್ವಾಗತಿಸುತ್ತೇನೆ. ಆದರೆ ಉದ್ಯೋಗದ ಸಂಖ್ಯೆಯ ಬಗ್ಗೆ ನಡೆದಷ್ಟು ಚರ್ಚೆ ಉದ್ಯೋಗದ ಗುಣದ ಬಗ್ಗೆ ನಡೆದಿಲ್ಲ. ಆ ಮೂವತ್ತು ಸಾವಿರ ಮಂದಿ ದಿನಕ್ಕೆ ಎಷ್ಟು ಗಂಟೆ ದುಡಿಯಬೇಕು, ನಲವತ್ತು ವರ್ಷ ವಯಸ್ಸಿನಲ್ಲಿ ಅವರ ಕಣ್ಣು, ಕತ್ತು, ಮಣಿಕಟ್ಟು ಯಾವ ಸ್ಥಿತಿಯಲ್ಲಿರಬೇಕು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. 2025ರಲ್ಲಿ ದಿನದ ದುಡಿಮೆಯ ಅವಧಿಯನ್ನು 10 ಗಂಟೆಗೆ ಏರಿಸುವ ಪ್ರಸ್ತಾವ ರಾಜ್ಯ ಸರ್ಕಾರದ ಮುಂದೆ ಬಂದಾಗ ಐಟಿ ನೌಕರರ ಸಂಘ ವಿರೋಧಿಸಿತು. ನಮ್ಮ ಕಸುಬಿನ ಹಲವರು ಅದನ್ನು ಓದಿ ನಕ್ಕರು. ಹತ್ತು ಗಂಟೆಗೆ ಮನೆ ಸೇರುವ ದಿನ ಅವರ ಪಾಲಿಗೆ ಹಬ್ಬದ ದಿನ.

ಈ ವಾದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಅವುಗಳಲ್ಲಿ ಕೆಲವನ್ನು ನಾನೇ ವರ್ಷಗಟ್ಟಲೆ ಹೇಳಿದವನು. ಮೊದಲನೆಯದು: ‘ಬೆಲೆ ಏರಿಸಿದರೆ ಕೆಲಸ ಬೇರೆ ಊರಿಗೆ, ಬೇರೆ ದೇಶಕ್ಕೆ ಹೋಗುತ್ತದೆ.’ ಇದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಕಡಿಮೆ ಬೆಲೆಯೊಂದೇ ಕೆಲಸವನ್ನು ಉಳಿಸುವುದಾದರೆ ಬೆಂಗಳೂರಿನ ಆ ಸಾವಿರಾರು ಮಂದಿಯ ಕೆಲಸ ಉಳಿಯಬೇಕಿತ್ತು. ಅಗ್ಗದ ದುಡಿಮೆ ಮುಳುಗುವ ಹಡಗನ್ನು ತೇಲಿಸಲಾರದು ಎಂಬುದನ್ನು 2025 ತೋರಿಸಿಕೊಟ್ಟಿದೆ. ಅಲ್ಲದೆ, ನುರಿತ ಕಾಂಪೊಸಿಟರ್ ಒಬ್ಬರನ್ನು ತಯಾರು ಮಾಡಲು ಹಲವು ವರ್ಷ ಬೇಕು. ಅಂಥವರು ದಣಿದು ಕಸುಬು ಬಿಟ್ಟಾಗ ಅವರ ಜಾಗಕ್ಕೆ ಬರುವ ಹೊಸಬರ ತಪ್ಪುಗಳಿಗೂ ಖರ್ಚಿದೆ. ಆ ಖರ್ಚು ಯಾವ ಬಿಡ್‌ನಲ್ಲಿಯೂ ಕಾಣಿಸುವುದಿಲ್ಲ, ಅಷ್ಟೆ.

ಎರಡನೆಯ ಆಕ್ಷೇಪ: ‘ಇದು ಕಲೆ, ಇಷ್ಟಪಟ್ಟು ಬಂದವರು ಗಂಟೆ ಲೆಕ್ಕ ಹಾಕಬಾರದು.’ ನಾನೂ ಇಷ್ಟಪಟ್ಟೇ ಬಂದವನು. 2003ರಲ್ಲಿ ತಿಂಗಳಿಗೆ 5,000 ರೂಪಾಯಿಗೆ ಸೇರಿದೆ. ಕೋರ್ಸಿನ ಶುಲ್ಕಕ್ಕೆ ಅಪ್ಪ ಮಾಡಿದ್ದ ಸಾಲ ತೀರಿಸಲು ವರ್ಷಗಳೇ ಹಿಡಿದವು. ಪರದೆಯ ಮೇಲೆ ನನ್ನ ಕೆಲಸ ಕಂಡ ದಿನದ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಚಿತ್ರದ ನಾಯಕನೂ ಸಂಗೀತ ನಿರ್ದೇಶಕನೂ ಕಲೆಯನ್ನು ಪ್ರೀತಿಸುವವರೇ. ಅವರು ಕರಾರುಪತ್ರಕ್ಕೆ ಸಹಿ ಹಾಕದೆ ಕೆಲಸ ಆರಂಭಿಸುವುದಿಲ್ಲ. ಕಲೆಯ ಮೇಲಿನ ಪ್ರೀತಿಯ ಹೆಸರಿನಲ್ಲಿ ಉಚಿತ ದುಡಿಮೆಯನ್ನು ಕೇಳುವುದು ಕೆಳಗಿನ ಮೆಟ್ಟಿಲಿನಲ್ಲಿರುವವರಿಂದ ಮಾತ್ರ ಎಂಬುದನ್ನು ಗಮನಿಸಬೇಕು.

ಮೂರನೆಯದು ಇತ್ತೀಚಿನದು: ‘ಕೃತಕ ಬುದ್ಧಿಮತ್ತೆ ಈ ಕೆಲಸವನ್ನೆಲ್ಲ ನುಂಗುತ್ತದೆ, ಇಲ್ಲದ ಕೆಲಸಕ್ಕೆ ಹಕ್ಕೇಕೆ?’ ನಾನು ಹೇಳಿದ ಆ 96 ಫ್ರೇಮುಗಳ ಗೆರೆಯನ್ನು ಇಂದು ಯಂತ್ರ ಬಹಳಷ್ಟು ಮಟ್ಟಿಗೆ ತಾನೇ ಎಳೆಯಬಲ್ಲದು. ಅಂಥ ದುಡಿಮೆ ತಪ್ಪಿದರೆ ಸಂತೋಷವೇ. ಆದರೆ ಈ ಕಸುಬಿಗೆ ಹೊಸ ಉಪಕರಣ ಬಂದಾಗಲೆಲ್ಲ ಉಳಿದ ಸಮಯ ಕಲಾವಿದರ ಕೈಗೆ ಬರಲಿಲ್ಲ ಎಂಬುದು ನಾನು ಕಂಡ ಸತ್ಯ. ಹತ್ತು ವರ್ಷನ್ ಕೇಳುತ್ತಿದ್ದವರು ಇಪ್ಪತ್ತು ಕೇಳಿದರು. ತಿದ್ದಲು ಕೇಳುವುದಕ್ಕೆ ಬೆಲೆಯಿಲ್ಲದಿರುವ ತನಕ ಯಂತ್ರ ಎಷ್ಟೇ ವೇಗವಾದರೂ ಮನುಷ್ಯನ ರಾತ್ರಿ ಉಳಿಯುವುದಿಲ್ಲ. ಹಾಗಾಗಿ ಕೃತಕ ಬುದ್ಧಿಮತ್ತೆ ಈ ಪ್ರಶ್ನೆಯನ್ನು ಇಲ್ಲವಾಗಿಸಿಲ್ಲ, ಇನ್ನಷ್ಟು ತುರ್ತಾಗಿಸಿದೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಬದಲಾವಣೆಗೆ ಬೆಲೆ ಕಟ್ಟಬೇಕು. ಪ್ರತಿ ಶಾಟ್‌ಗೆ ಇಂತಿಷ್ಟು ತಿದ್ದುಪಡಿ ಮೂಲ ಬೆಲೆಯಲ್ಲಿ ಸೇರಿದೆ, ಅದಕ್ಕಿಂತ ಹೆಚ್ಚಾದರೆ ದಿನದ ಲೆಕ್ಕದಲ್ಲಿ ಹಣ ಕೊಡಬೇಕು ಎಂಬ ಷರತ್ತು ಒಪ್ಪಂದದಲ್ಲಿ ಕಡ್ಡಾಯವಾಗಬೇಕು. ಒಂದು ಸ್ಟುಡಿಯೊ ಒಂಟಿಯಾಗಿ ಇದನ್ನು ಕೇಳಿದರೆ ಕೆಲಸ ಕಳೆದುಕೊಳ್ಳುತ್ತದೆ. ಆದ್ದರಿಂದ ಬೆಂಗಳೂರಿನ ಸ್ಟುಡಿಯೊಗಳು ಒಟ್ಟಾಗಿ, ಸಾಧ್ಯವಾದರೆ ಹೈದರಾಬಾದ್, ಚೆನ್ನೈಗಳ ಸ್ಟುಡಿಯೊಗಳನ್ನೂ ಸೇರಿಸಿಕೊಂಡು, ಒಂದು ಮಾದರಿ ಒಪ್ಪಂದಕ್ಕೆ ಬರಬೇಕು. ಕನ್ನಡ ಚಿತ್ರರಂಗದ ಮಟ್ಟಿಗಾದರೂ ವಾಣಿಜ್ಯ ಮಂಡಳಿ ಇದಕ್ಕೆ ಮುಂದಾಗಬಹುದು. ಬೆಲೆ ಇದೆ ಎಂದು ಗೊತ್ತಾದ ದಿನ ನಿರ್ದೇಶಕರೂ ಮೊದಲೇ ಯೋಚಿಸಿ ತೀರ್ಮಾನಿಸುತ್ತಾರೆ. ಅದರಿಂದ ಚಿತ್ರಕ್ಕೂ ಒಳ್ಳೆಯದೇ ಆಗುತ್ತದೆ.

ಎರಡನೆಯದಾಗಿ, ಇರುವ ಕಾನೂನನ್ನು ಬಳಸಿಕೊಳ್ಳಬೇಕು. ವಾರಕ್ಕೆ 48 ಗಂಟೆಯ ಮಿತಿ, ಅದನ್ನು ಮೀರಿದ ದುಡಿಮೆಗೆ ಎರಡರಷ್ಟು ವೇತನ ಎಂಬ ಮಾತನ್ನು ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲಿಯೇ ಬರೆದಿತ್ತು. 2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಬಗ್ಗೆ ಕಾರ್ಮಿಕ ಸಂಘಟನೆಗಳಿಗೆ ಗಂಭೀರ ತಕರಾರುಗಳಿವೆ. ಆದರೂ ನಮ್ಮ ಕಸುಬಿಗೆ ಅವುಗಳಲ್ಲಿ ಎರಡು ಉಪಯುಕ್ತ ಅಂಶಗಳಿವೆ. ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ‘ಶ್ರವ್ಯ–ದೃಶ್ಯ ಕಾರ್ಮಿಕ’ರೆಂಬ ವರ್ಗವಿದೆ. ಅದರ ವ್ಯಾಖ್ಯೆಯಲ್ಲಿ ಅನಿಮೇಷನ್ ಮತ್ತು ಡಿಜಿಟಲ್ ನಿರ್ಮಾಣವನ್ನು ಹೆಸರಿಸಿಯೇ ಸೇರಿಸಲಾಗಿದೆ. ಸರ್ಕಾರ ಗೊತ್ತುಪಡಿಸುವ ವೇತನ ಮಿತಿಯೊಳಗಿನ ಇಂಥವರಿಗೆ ವೇತನ, ದುಡಿಮೆಯ ಅವಧಿ, ಸೌಲಭ್ಯಗಳನ್ನು ನಮೂದಿಸಿದ ಲಿಖಿತ ಒಪ್ಪಂದ ಇರಬೇಕು. ವೇತನ ಸಂಹಿತೆಯ ಪ್ರಕಾರ ಸಂಸ್ಥೆ ಮುಚ್ಚಿ ಕೆಲಸ ಹೋದರೆ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕು. ಕಾಗದದ ಮೇಲಿನ ಈ ಸಾಲುಗಳನ್ನು ಸ್ಟುಡಿಯೊಗಳ ಒಳಗೆ ಕೊಂಡೊಯ್ಯುವುದು ರಾಜ್ಯದ ಕಾರ್ಮಿಕ ಇಲಾಖೆಯ ಹೊಣೆ. ವೇತನ ಮಿತಿಯನ್ನು ತೀರಾ ಕೆಳಗಿಟ್ಟು ಬಹುಪಾಲು ಕಲಾವಿದರನ್ನು ಹೊರಗಿಡದಂತೆಯೂ ನೋಡಿಕೊಳ್ಳಬೇಕು.

ಮೂರನೆಯದಾಗಿ, ಸಾರ್ವಜನಿಕ ಹಣಕ್ಕೆ ಷರತ್ತು ಇರಬೇಕು. ರಾಜ್ಯದ ನೀತಿಯಡಿ ರಿಯಾಯಿತಿ, ಸಹಾಯಧನ ಪಡೆಯುವ ಸ್ಟುಡಿಯೊ ತನ್ನ ನೌಕರರ ದುಡಿಮೆಯ ಗಂಟೆಗಳ ದಾಖಲೆ ಇಟ್ಟಿರಬೇಕು, ಹೆಚ್ಚುವರಿ ಗಂಟೆಗೆ ಹಣ ಕೊಟ್ಟಿರಬೇಕು. ಮನೆ ತೆರಿಗೆ ಕಟ್ಟುವ ನಮ್ಮಂಥ ನಾಗರಿಕರಿಗೆ ಇಷ್ಟನ್ನು ಕೇಳುವ ಹಕ್ಕಿದೆ. 2024ರಲ್ಲಿ ರಾಜ್ಯ ಶಾಸಕಾಂಗ ಒಪ್ಪಿದ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾಯ್ದೆ ಚಿತ್ರಮಂದಿರದ ಟಿಕೆಟ್ಟಿನ ಮೇಲೆ ಸೆಸ್ ವಿಧಿಸಿ ಕಲ್ಯಾಣ ನಿಧಿ ಕಟ್ಟುವ ಉದ್ದೇಶದ್ದು. ಸೆಟ್ಟಿನಲ್ಲಿ ದೀಪ ಹಿಡಿಯುವವರಂತೆ ಕಂಪ್ಯೂಟರಿನಲ್ಲಿ ದೀಪ ಹಚ್ಚುವವರೂ ಸಿನಿಮಾ ಕಾರ್ಮಿಕರೇ. ಅವರ ಮಾಲೀಕರು ನಿರ್ಮಾಪಕರಲ್ಲ, ಕಂಪನಿಗಳು ಎಂಬ ಕಾರಣಕ್ಕೆ ಅವರು ಆ ನಿಧಿಯಿಂದ ಹೊರಗುಳಿಯಬಾರದು.

ಕೊನೆಯದಾಗಿ, ಇವೆಲ್ಲ ಯಾರೋ ಕರುಣಿಸುವ ವರವಾಗಿ ಬರುವುದಿಲ್ಲ, ಕಲಾವಿದರು ಸಂಘಟಿತರಾಗಬೇಕು. 2023ರಲ್ಲಿ ಹಾಲಿವುಡ್‌ನ ಲೇಖಕರು, ನಟರು ಮುಷ್ಕರ ಹೂಡಿ ತಮ್ಮ ಬೇಡಿಕೆಗಳಲ್ಲಿ ಹಲವನ್ನು ಗಿಟ್ಟಿಸಿಕೊಂಡರು. ಅವರಿಗೆ ದಶಕಗಳ ಸಂಘಗಳ ಬಲವಿತ್ತು. ಆ ಮುಷ್ಕರದ ದಿನಗಳಲ್ಲಿ ಕೆಲಸವಿಲ್ಲದೆ ಕುಳಿತ ದೃಶ್ಯ ಪರಿಣಾಮ ಕಲಾವಿದರ ಬೆನ್ನಿಗೆ ಅಂಥ ಸಂಘ ಬಹುತೇಕ ಇರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಾರ್ವೆಲ್ ಸ್ಟುಡಿಯೊಸ್‌ನ ವಿಎಫ್‌ಎಕ್ಸ್ ನೌಕರರು 1893ರಲ್ಲಿ ಸ್ಥಾಪನೆಯಾದ ‘ಐಯಾಟ್ಸಿ’ ಎಂಬ ತಂತ್ರಜ್ಞರ ಒಕ್ಕೂಟವನ್ನು ಸೇರಲು ಅವಿರೋಧವಾಗಿ ಮತ ಹಾಕಿದರು. ಅವರು ಐವತ್ತರ ಆಸುಪಾಸಿನ ಒಂದು ಸಣ್ಣ ಗುಂಪು. ಬೆಂಗಳೂರಿನಲ್ಲಿ ಸಾವಿರಾರು ಮಂದಿ ಇದ್ದಾರೆ. ಬೇರೆ ಬೇರೆ ಕಟ್ಟಡಗಳಲ್ಲಿ ಕುಳಿತಿದ್ದಾರೆ ಎಂಬುದೊಂದೇ ಅವರ ದೌರ್ಬಲ್ಯ.

ಪ್ರೇಕ್ಷಕರಾದ ನಮಗೂ ಒಂದು ಸಣ್ಣ ಪಾತ್ರವಿದೆ. ಚಿತ್ರದ ಕೊನೆಯಲ್ಲಿ ಮೇಲೇರುವ ಹೆಸರುಗಳ ಪಟ್ಟಿಯಲ್ಲಿ ದೃಶ್ಯ ಪರಿಣಾಮದವರದು ಕೆಳಗಿರುತ್ತದೆ. ಅಲ್ಲಿಯೂ ದುಡಿದವರೆಲ್ಲರ ಹೆಸರು ಇರುವುದಿಲ್ಲ. ಎಷ್ಟು ಹೆಸರಿಗೆ ಜಾಗ ಎಂಬುದನ್ನು ನಿರ್ಮಾಪಕರೇ ನಿರ್ಧರಿಸುತ್ತಾರೆ. ಒಂದೆರಡು ನಿಮಿಷ ಕುಳಿತು ಅದನ್ನು ಓದುವ ಪ್ರೇಕ್ಷಕರಿದ್ದರೆ, ಆ ಹೆಸರುಗಳನ್ನು ಪೂರ್ತಿಯಾಗಿ ಹಾಕಬೇಕೆಂಬ ಒತ್ತಾಯಕ್ಕೆ ಬಲ ಬರುತ್ತದೆ. ಹೊಸ ಕೆಲಸ ಹುಡುಕುವಾಗ ಕಲಾವಿದರಿಗೆ ಆ ಒಂದು ಸಾಲೇ ಆಧಾರ.

ನಾನು ಆ ಸ್ಟುಡಿಯೊ ಬಿಟ್ಟು ಈಗ ಹತ್ತು ವರ್ಷ. ಇದೇ ವಿದ್ಯೆಯನ್ನು ಹುಡುಗರಿಗೆ ಕಲಿಸುತ್ತಿದ್ದೇನೆ. ಹಾಸನದ ಆ ಹುಡುಗಿ ನನಗಿಂತ ಮೊದಲೇ ಕಸುಬು ಬಿಟ್ಟಿದ್ದಳು. ಕೆಲವು ವರ್ಷಗಳ ಹಿಂದೆ ಮೆಜೆಸ್ಟಿಕ್‌ನ ಬಸ್ ನಿಲ್ದಾಣದಲ್ಲಿ ಅಕಸ್ಮಾತ್ ಎದುರಾದಳು. ನಗುನಗುತ್ತಲೇ ಮಾತನಾಡಿಸಿದಳು, ಮಗಳನ್ನು ಪರಿಚಯಿಸಿದಳು. ‘ಆ ಶಾಟ್ ನೆನಪಿದೆಯಾ ಸರ್? ಅಕ್ಕ ಈಗ್ಲೂ ಅದನ್ನೇ ಹೇಳಿ ಹಂಗಿಸ್ತಾಳೆ’ ಎಂದಳು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳ ಬಸ್ಸು ಬಂದಿತ್ತು.

ಆ ಶುಕ್ರವಾರ ನಾನು ಹೇಳಬೇಕಿದ್ದ ಮಾತು ಬೇರೆಯಿತ್ತು. ‘ನೀನು ಹೊರಡಮ್ಮ. ಈ ತಿದ್ದುಪಡಿ ನಮ್ಮ ಲೆಕ್ಕದಲ್ಲಿ ಇಲ್ಲ. ಬೇಕಾದರೆ ಎಷ್ಟಾಗುತ್ತದೆ ಎಂದು ಅವರಿಗೆ ನಾನು ಬರೆಯುತ್ತೇನೆ’ ಎನ್ನಬೇಕಿತ್ತು. ಅಂದು ಹಾಗೆ ಹೇಳಿದ್ದರೆ ನಾನೊಬ್ಬನೇ ಕೆಲಸ ಕಳೆದುಕೊಳ್ಳುತ್ತಿದ್ದೆನೇನೋ. ಇಂದು ಈ ನಗರದ ಸ್ಟುಡಿಯೊಗಳಲ್ಲಿ ನನ್ನ ಆ ಕುರ್ಚಿಯಲ್ಲಿ ಕುಳಿತಿರುವ ನೂರಾರು ಮಂದಿ ಒಟ್ಟಾಗಿ ಹಾಗೆ ಹೇಳುವಂತಾದರೆ, ಯಾರೂ ಕೆಲಸ ಕಳೆದುಕೊಳ್ಳಬೇಕಾಗುವುದಿಲ್ಲ.